ದೇವಿಮನೆ ಘಟ್ಟಕ್ಕೊಂದು ಕಾರ್ಬನ್ ಸೈಕಲ್: ಒಂದೂವರೆ ಲಕ್ಷದಲ್ಲಿ ಏನು ನೋಡಬೇಕು

ಅಡಿಕೆ ಮಾರಿ ದುಡ್ಡು ಕೈಗೆ ಬಂದ ವಾರವೇ ನನ್ನ ಅತ್ತೆ ಮಗ ಫೋನ್ ಮಾಡಿದ. "ಭಾವ, ಕಾರ್ಬನ್ ಸೈಕಲ್ ತಗಂಡ್ರೆ ಸೊಂಟನೋವು ಬತ್ತಿಲ್ಯಡ, ಹೌದ?"

ಅವನಿಗೆ ನಲವತ್ತೆರಡು ವರ್ಷ. ಶಿರಸಿ ಪೇಟೆಯಿಂದ ಸ್ವಲ್ಪ ಆಚೆ ತೋಟ. ಇಷ್ಟು ದಿನ ಚಪ್ಪಟೆ ಹ್ಯಾಂಡಲ್ಲಿನ ಅಲ್ಯೂಮಿನಿಯಂ ಹೈಬ್ರಿಡ್ ಸೈಕಲ್ ತುಳಿಯುತ್ತಿದ್ದ. ಭಾನುವಾರ ಬನವಾಸಿಗೆ ಹೋಗಿ ತಿಂಡಿ ತಿಂದು ಬರುತ್ತಿದ್ದ. ಈಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು, ಅದೇ ದಿನ ಹತ್ತಿ ವಾಪಸ್ ಬರಬೇಕು ಅನ್ನುವ ಆಸೆ. ಹೋಗಿ ಬಂದರೆ ಸುಮಾರು 120 ಕಿಲೋಮೀಟರ್. ಅದು ಸಲೀಸಾದರೆ ಮುಂದೆ ಒಂದು 200 ಕಿಲೋಮೀಟರಿನ ಬ್ರೆವೆ, ಅಂದರೆ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಸವಾರಿ. ಕೈಯಲ್ಲಿರುವುದು ಒಂದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಅವನ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ಮೂರು ಸಂಜೆ ಅವರ ಮನೆ ಜಗಲಿಯಲ್ಲಿ ಕೂತು ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮ ಕಡೆ ಇದೇ ಪ್ರಶ್ನೆ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಸೈಕಲ್ಲಿನ ಸುಖ ಕಾರ್ಬನ್ನಿನಲ್ಲಿ ಇರುವುದಕ್ಕಿಂತ ಜಾಸ್ತಿ ಟಯರಿನೊಳಗಿನ ಗಾಳಿಯಲ್ಲಿದೆ, ಮತ್ತೆ ನೀವು ಹೇಗೆ ಕೂರುತ್ತೀರಿ ಅನ್ನುವುದರಲ್ಲಿದೆ. ಕಾರ್ಬನ್ ಬರುವುದು ಆಮೇಲೆ.

ಕಾರ್ಬನ್ ಅಂದರೆ ಏನು ಅಂತ ಗೊತ್ತಾದರೆ ಇದು ಸುಲಭವಾಗಿ ತಿಳಿಯುತ್ತದೆ. ಕೂದಲಿಗಿಂತ ಸಣ್ಣ ಇಂಗಾಲದ ಎಳೆಗಳನ್ನು ಒಂದು ಅಂಟಿನಲ್ಲಿ, ಅಂದರೆ ಎಪಾಕ್ಸಿಯಲ್ಲಿ, ನೆನೆಸಿ ಹಾಳೆ ಮಾಡುತ್ತಾರೆ. ಆ ಹಾಳೆಗಳನ್ನು ತುಂಡು ತುಂಡು ಕತ್ತರಿಸಿ, ಅಚ್ಚಿನೊಳಗೆ ಒಂದರ ಮೇಲೊಂದು ಹಚ್ಚಿ, ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ನಮ್ಮ ಅಡಿಕೆ ದಬ್ಬೆ ನೆನಪಿಸಿಕೊಳ್ಳಿ. ಉದ್ದಕ್ಕೆ ಹಿಡಿದು ಎಳೆದರೆ ಯಾರಿಂದಲೂ ಹರಿಯಲಾಗದು, ಬಾಗಿಸಿದರೆ ಬಾಗುತ್ತದೆ, ಆದರೆ ತುದಿಗೆ ಕತ್ತಿ ಇಟ್ಟು ಹೊಡೆದರೆ ಸರಕ್ಕನೆ ಸೀಳುತ್ತದೆ. ಎಳೆ ಯಾವ ಕಡೆ ಹೋಗಿದೆಯೋ ಆ ಕಡೆಗೇ ಬಲ. ಕಾರ್ಬನ್ನೂ ಹಾಗೆಯೇ. ಹಾಗಾಗಿ ತಯಾರಿಸುವವರು ಯಾವ ಜಾಗದಲ್ಲಿ ಎಳೆಯನ್ನು ಯಾವ ಕಡೆಗೆ ತಿರುಗಿಸಿ ಹಚ್ಚಿದರು ಅನ್ನುವುದರ ಮೇಲೆ ಆ ಫ್ರೇಮ್ ಗಡುಸಾ ಮೆದುವಾ ಅನ್ನುವುದು ನಿಂತಿದೆ. ಕಾರ್ಬನ್ ಅನ್ನುವ ಹೆಸರಿನಿಂದ ಏನೂ ತೀರ್ಮಾನ ಆಗುವುದಿಲ್ಲ. ಓಟಕ್ಕೆಂದು ಮಾಡಿದ ಕಾರ್ಬನ್ ಸೈಕಲ್ ಒಳ್ಳೆಯ ಅಲ್ಯೂಮಿನಿಯಂ ಸೈಕಲ್ಲಿಗಿಂತ ಜಾಸ್ತಿ ಕುಕ್ಕಬಹುದು.

ಇನ್ನೊಂದು ವಿಷಯ. ಸೈಕಲ್ ಫ್ರೇಮ್ ಅಂದರೆ ತ್ರಿಕೋನ. ಹೆಂಚಿನ ಮಾಡಿಗೆ ತ್ರಿಕೋನ ಯಾಕೆ ಕಟ್ಟುತ್ತಾರೆ? ಮೇಲಿಂದ ಭಾರ ಬಿದ್ದರೂ ಕುಗ್ಗಬಾರದು ಅಂತ. ಸೈಕಲ್ಲಿಗೂ ಅದೇ ಕಾರಣ. ಫ್ರೇಮ್ ಮೇಲಿಂದ ಕೆಳಕ್ಕೆ ತೀರಾ ಕಡಿಮೆ ಬಾಗುತ್ತದೆ, ಅದು ಯಾವುದರಿಂದ ಮಾಡಿದ್ದೇ ಇರಲಿ. ಹೊಂಡ ಬಂದಾಗ ನಿಜವಾಗಿ ಕುಗ್ಗುವುದು ಮೊದಲು ಟಯರು, ಆಮೇಲೆ ಸೀಟು, ಸೀಟಿನ ಕೆಳಗಿನ ಪೋಸ್ಟು, ಮುಂದೆ ಹ್ಯಾಂಡಲ್ ಟೇಪು, ಸ್ವಲ್ಪ ಮಟ್ಟಿಗೆ ಮುಂದಿನ ಚಕ್ರ ಹಿಡಿದಿರುವ ಫೋರ್ಕು. ಕಾರ್ಬನ್ ಫ್ರೇಮ್ ಮಾಡುವುದು ಇನ್ನೊಂದು ಕೆಲಸ. ಡಾಂಬರಿನ ಸಣ್ಣ ತರಿಯಿಂದ ಬರುವ ಝುಂ ಅನ್ನುವ ನಡುಕವನ್ನು ಅದು ಸ್ವಲ್ಪ ತಗ್ಗಿಸುತ್ತದೆ. ನೂರು ಕಿಲೋಮೀಟರ್ ಆದಮೇಲೆ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ, ಅದು ಸುಳ್ಳಲ್ಲ. ಆದರೆ ಹೊಂಡದ ಪೆಟ್ಟು ತಡೆಯುವುದು ಗಾಳಿಯೇ.

ಎಂಟು ವರ್ಷದ ಹಿಂದೆ ನನ್ನ ಮೊದಲ ಕಾರ್ಬನ್ ಸೈಕಲ್ ತಂದಾಗ ಇದು ನನಗೆ ಗೊತ್ತಿರಲಿಲ್ಲ. ಅಂಗಡಿಯವರು ಒಂದೇ ಬೆರಳಲ್ಲಿ ಎತ್ತಿ ತೋರಿಸಿದರು, ನಾನೂ ಎತ್ತಿ ನೋಡಿ ಖುಷಿಪಟ್ಟೆ. ಕೆಳಗೆ ಬಾಗಿ ಕೂರುವ ರೇಸ್ ಫ್ರೇಮ್, 23 ಮಿಲಿಮೀಟರಿನ ಟಯರು, ಕಲ್ಲಿನ ಹಾಗೆ ತುಂಬಿಸಿದ ಗಾಳಿ. ಕಾರವಾರದಿಂದ ಅಂಕೋಲಾ ತಲುಪುವಷ್ಟರಲ್ಲಿ ಎರಡೂ ಕೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿದ್ದವು. ಅಂಗೈಯಲ್ಲಿ ಹಾದು ಹೋಗುವ ನರದ ಮೇಲೆ ಭಾರ ಬಿದ್ದರೆ ಸರಿಯಾಗಿ ಈ ಎರಡು ಬೆರಳೇ ಜೋಮು ಹಿಡಿಯುವುದು. ದಪ್ಪ ಟಯರ್ ಹಾಕೋಣ ಅಂದರೆ ಆ ಫ್ರೇಮಿನಲ್ಲಿ 25ಕ್ಕಿಂತ ದಪ್ಪದ್ದು ತೂರುತ್ತಲೇ ಇರಲಿಲ್ಲ. ಹ್ಯಾಂಡಲ್ ಎತ್ತರಿಸಬಹುದು, ಸೀಟು ಬದಲಿಸಬಹುದು. ಟಯರಿಗೆ ಜಾಗ ಇಲ್ಲದ ಫ್ರೇಮಿಗೆ ಜಾಗ ಹುಟ್ಟಿಸೋಕೆ ಆಗುವುದಿಲ್ಲ.

ಅದಕ್ಕೇ ಅತ್ತೆ ಮಗನಿಗೆ ಮೊದಲು ಹೇಳಿದ್ದು ಇದನ್ನೇ: ಸೈಕಲ್ ಯಾವುದೇ ಇರಲಿ, ಅದರಲ್ಲಿ ಎಷ್ಟು ದಪ್ಪದ ಟಯರ್ ಕೂರುತ್ತದೆ ಅಂತ ಕೇಳು. 32 ಮಿಲಿಮೀಟರ್ ಕೂರದಿದ್ದರೆ ನಮ್ಮ ಜಿಲ್ಲೆಯ ರಸ್ತೆಗೆ ಅದು ಬೇಡ.

25ರಿಂದ 32ಕ್ಕೆ ಹೋದರೆ ಏಳು ಮಿಲಿಮೀಟರ್ ಏನು ಮಹಾ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. ಟಯರಿನೊಳಗೆ ಹಿಡಿಯುವ ಗಾಳಿ ಅದರ ಅಗಲದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತದೆ. 32 ಗುಣಿಸು 32 ಅಂದರೆ 1024, 25 ಗುಣಿಸು 25 ಅಂದರೆ 625. ಒಂದೂವರೆ ಪಟ್ಟಿಗಿಂತಲೂ ಜಾಸ್ತಿ ಗಾಳಿ ಹಿಡಿಯುತ್ತದೆ. ಜಾಸ್ತಿ ಗಾಳಿ ಇದ್ದರೆ ಕಡಿಮೆ ಒತ್ತಡದಲ್ಲೂ ರಿಮ್ ನೆಲಕ್ಕೆ ತಾಗುವುದಿಲ್ಲ. ಎಪ್ಪತ್ತು ಕಿಲೋ ತೂಗುವವರು 25ರಲ್ಲಿ 90ರ ಆಸುಪಾಸು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಹಾಕಬೇಕಾಗುತ್ತದೆ, 32ರಲ್ಲಿ 55–60 ಸಾಕು. ಈ ಮೂವತ್ತು ಪಿಎಸ್ಐ ಇಳಿಸಿದಾಗ ಸಿಗುವ ಸುಖ ಯಾವ ಲಕ್ಷದ ಫ್ರೇಮೂ ಕೊಡುವುದಿಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ನೀವೇ ಒಂದು ಪಂಪು ಹಿಡಿದು ಅರ್ಧ ಗಂಟೆಯಲ್ಲಿ ಪರೀಕ್ಷೆ ಮಾಡಬಹುದು.

ದಪ್ಪ ಟಯರು ನಿಧಾನ ಅನ್ನುವ ಮಾತು ಹಳೆಯದು. ನುಣುಪಾದ ನೆಲದಲ್ಲಿ ಗಡುಸು ಟಯರ್ ಚೆನ್ನಾಗಿ ಉರುಳುತ್ತದೆ, ನಿಜ. ತರಿ ರಸ್ತೆಯಲ್ಲಿ ಅದು ಪುಟಿಯುತ್ತದೆ. ಪುಟಿದಾಗಲೆಲ್ಲ ನಿಮ್ಮ ಮೈ ಅಲುಗಾಡುತ್ತದೆ, ಆ ಅಲುಗಾಟಕ್ಕೆ ಶಕ್ತಿ ಕೊಟ್ಟವರು ನೀವೇ. ಓಟಗಾರರೇ ಈಗ 23 ಬಿಟ್ಟು 28, 30ಕ್ಕೆ ಬಂದಿದ್ದಾರೆ. ಫ್ರಾನ್ಸಿನಲ್ಲಿ 1896ರಿಂದ ನಡೆಯುತ್ತಿರುವ ಪ್ಯಾರಿಸ್–ರೂಬೆ ಓಟದ ಕಲ್ಲು ಹಾಸಿನ ದಾರಿಯಲ್ಲಂತೂ ಇನ್ನೂ ದಪ್ಪದ್ದು ಹಾಕುತ್ತಾರೆ. ಕಾಮಗಾರಿ ನಡೆದ ಕಡೆ ಜಲ್ಲಿ ಎದ್ದಿರುವ ನಮ್ಮ ಘಟ್ಟದ ರಸ್ತೆಗೂ ಅದೇ ನ್ಯಾಯ.

ಅಂಗಡಿಯಲ್ಲಿ ಜಾಗ ನೋಡುವುದು ಹೀಗೆ. ಈಗಿರುವ ಟಯರಿನ ಬದಿಯಲ್ಲಿ ಎಷ್ಟು ಮಿಲಿಮೀಟರ್ ಅಂತ ಬರೆದಿದೆ ಓದಿಕೊಳ್ಳಿ. ಆಮೇಲೆ 5 ಮಿಲಿಮೀಟರಿನ ಎಲ್ ಕೀ ತಗೊಂಡು ಟಯರಿಗೂ ಫ್ರೇಮಿನ ಹಿಂದಿನ ಕಾಲುಗಳಿಗೂ ನಡುವೆ ತೂರಿಸಿ. ಎರಡೂ ಬದಿ ತೂರಬೇಕು, ಮೇಲೂ ತೂರಬೇಕು. ಮಳೆಗಾಲದಲ್ಲಿ ಕೆಂಪು ರಾಡಿ ಟಯರಿಗೆ ಮೆತ್ತಿಕೊಂಡು ತಿರುಗುವಾಗ ಜಾಗ ಸಾಲದಿದ್ದರೆ ಅದು ಅರದ ಹಾಗೆ ಕಾರ್ಬನ್ನನ್ನೇ ತೇಯುತ್ತದೆ. ಹಳೆಯ ಸೈಕಲ್ ನೋಡುವಾಗ ಆ ಜಾಗದಲ್ಲಿ ಬಣ್ಣ ಹೋಗಿ ಕಪ್ಪು ಎಳೆ ಕಾಣುತ್ತಿದೆಯಾ ನೋಡಿ. ಮಡ್‌ಗಾರ್ಡ್ ಹಾಕುವ ತೂತು ಇದೆಯಾ ಅಂತಲೂ ನೋಡಿ. ನಾಲ್ಕು ತಿಂಗಳು ಮಳೆ ಬೀಳುವ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಈಗ ಕೂರುವ ವಿಷಯ. ಇಲ್ಲಿ ಎರಡು ಮಾತು ಕಲಿತರೆ ಸಾಕು: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತಲೆಯವರೆಗೆ ಎಷ್ಟು ಎತ್ತರ, ಅದು ಸ್ಟ್ಯಾಕ್. ಅವೇ ಎರಡು ಬಿಂದುಗಳ ನಡುವೆ ಮುಂದಕ್ಕೆ ಎಷ್ಟು ದೂರ, ಅದು ರೀಚ್. ಸ್ಟ್ಯಾಕ್ ಜಾಸ್ತಿ ಇದ್ದರೆ ಬೆನ್ನು ಸ್ವಲ್ಪ ನೆಟ್ಟಗಿರುತ್ತದೆ, ರೀಚ್ ಕಡಿಮೆ ಇದ್ದರೆ ಮೊಣಕೈ ಸಡಿಲವಾಗಿ ಬಾಗುತ್ತದೆ. ಸೈಕಲ್ಲಿನ ಮೇಲೆ ಬರೆದ 52, 54, ಎಂ, ಎಲ್ ಇವನ್ನು ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಸ್ಟ್ಯಾಕ್ ಮತ್ತು ರೀಚ್ ಅಳೆಯುವ ರೀತಿ ಮಾತ್ರ ಎಲ್ಲರಿಗೂ ಒಂದೇ. ಒಂದು ಉದಾಹರಣೆ ಕೊಡುತ್ತೇನೆ. ಟ್ರೆಕ್ ಕಂಪನಿಯ ಎಮೊಂಡಾ ಓಟದ ಸೈಕಲ್, ಡೊಮಾನೆ ದೂರದ ಸವಾರಿಯ ಸೈಕಲ್. ಎರಡರಲ್ಲೂ 54ರ ಅಳತೆ ತಗೊಂಡರೆ ಎಮೊಂಡಾದ ಸ್ಟ್ಯಾಕ್ ಸುಮಾರು 54 ಸೆಂಟಿಮೀಟರ್, ಡೊಮಾನೆಯದ್ದು ಸುಮಾರು 57 ಅರೆ. ಮೂರೂವರೆ ಸೆಂಟಿಮೀಟರ್. ಐದು ಗಂಟೆ ಕೂತ ಸೊಂಟಕ್ಕೆ ಅದು ಬಹಳ.

ನಿಮ್ಮ ಹತ್ತಿರ ಈಗಿರುವ ಸೈಕಲ್ಲಿನದ್ದು ಎಷ್ಟು ಅಂತ ಮನೆಯಲ್ಲೇ ಅಳೆಯಬಹುದು. ನಾವು ಜಗಲಿಯಲ್ಲಿ ಅಳೆದೆವು. ಸೈಕಲ್ಲಿನ ಹಿಂದಿನ ಚಕ್ರ ಗೋಡೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿದೆವು, ಅವನ ಮಗಳು ಹ್ಯಾಂಡಲ್ ಹಿಡಿದುಕೊಂಡಳು. ನೆಲದಿಂದ ಪೆಡಲ್ ಅಚ್ಚಿನ ನಡುವಿಗೆ ಎಷ್ಟು, ನೆಲದಿಂದ ಮುಂದಿನ ಕೊಳವೆಯ ತಲೆಗೆ ಎಷ್ಟು ಅಂತ ಟೇಪ್ ಹಿಡಿದು ಬರೆದುಕೊಂಡೆವು. ಒಂದರಿಂದ ಒಂದು ಕಳೆದರೆ ಸ್ಟ್ಯಾಕ್. ಹಾಗೆಯೇ ಗೋಡೆಯಿಂದ ಅಚ್ಚಿಗೆ ಎಷ್ಟು, ಗೋಡೆಯಿಂದ ಕೊಳವೆಯ ತಲೆಯ ನಡುವಿಗೆ ಎಷ್ಟು. ಕಳೆದರೆ ರೀಚ್. ಹತ್ತು ನಿಮಿಷದ ಕೆಲಸ. ಈಗಿನ ಸೈಕಲ್ಲಿನಲ್ಲಿ ಆರಾಮ ಇದ್ದರೆ ಹೊಸದರ ಅಳತೆ ಅದರಿಂದ ತುಂಬಾ ದೂರ ಹೋಗಬಾರದು. ಆದರೆ ಒಂದು ಎಚ್ಚರಿಕೆ: ರೋಡ್ ಬೈಕಿನ ಬಾಗಿದ ಹ್ಯಾಂಡಲ್ ನಿಮ್ಮ ಕೈಯನ್ನು ಚಪ್ಪಟೆ ಹ್ಯಾಂಡಲ್ಲಿಗಿಂತ ಮುಂದಕ್ಕೆ ಒಯ್ಯುತ್ತದೆ. ಹಾಗಾಗಿ ಹೈಬ್ರಿಡ್ಡಿನಿಂದ ಬರುವವರು ಫ್ರೇಮಿನ ರೀಚ್ ಇನ್ನೂ ಕಡಿಮೆ ಇರುವುದನ್ನೇ ಹುಡುಕಬೇಕು.

ಹ್ಯಾಂಡಲ್ ಕೆಳಗೆ ರಿಂಗು ಹಾಕಿ ಎತ್ತರಿಸಿದರಾಯಿತು ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಒಳಗಿನ ಫೋರ್ಕಿನ ದಂಡ ಕಾರ್ಬನ್ನಿನದಾಗಿದ್ದರೆ ಎಷ್ಟು ರಿಂಗು ಹಾಕಬಹುದು ಅಂತ ಕಂಪನಿಯವರು ಮಿತಿ ಹಾಕಿರುತ್ತಾರೆ. ಅದನ್ನು ದಾಟಬೇಡಿ. ಫ್ರೇಮ್ ಮೊದಲೇ ಎತ್ತರ ಇರುವುದೇ ಒಳ್ಳೆಯದು. ಅಂಥವನ್ನು ಎಂಡ್ಯೂರೆನ್ಸ್ ಸೈಕಲ್ ಅನ್ನುತ್ತಾರೆ: ಜೈಂಟ್ ಡಿಫೈ, ಟ್ರೆಕ್ ಡೊಮಾನೆ, ಸ್ಪೆಷಲೈಜ್ಡ್ ರೂಬೆ, ಕ್ಯಾನನ್‌ಡೇಲ್ ಸಿನಾಪ್ಸ್, ಮೆರಿಡಾ ಸ್ಕಲ್ಟುರಾ ಎಂಡ್ಯೂರೆನ್ಸ್. ಈಗಿನ ಡಿಫೈಯಲ್ಲೂ ಡೊಮಾನೆಯಲ್ಲೂ 38 ಮಿಲಿಮೀಟರ್ ಟಯರ್ ಕೂರುತ್ತದೆ. ಇದೇ ಹೆಸರಿನ ಹತ್ತು ವರ್ಷದ ಹಿಂದಿನ ಸೈಕಲ್ಲಿನಲ್ಲಿ ಅಷ್ಟು ಜಾಗ ಇರುವುದಿಲ್ಲ, ವರ್ಷ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೆಲವು ರೂಬೆಗಳಲ್ಲಿ ಹ್ಯಾಂಡಲ್ ಕೆಳಗೆ ಸಣ್ಣ ಸ್ಪ್ರಿಂಗು, ಕೆಲವು ಡೊಮಾನೆಗಳಲ್ಲಿ ಸೀಟಿನ ಕೊಳವೆ ಬಾಗುವ ಕೀಲು ಇರುತ್ತದೆ. ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಬಿಡಿಭಾಗ ಸಿಗದ ಊರಿನಲ್ಲಿ ಹಳೆಯದಾದ ಕೀಲು ತಲೆನೋವು. ಕಡಿಮೆ ದುಡ್ಡಿನಲ್ಲಿ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ.

ಸೀಟಿನ ಬಗ್ಗೆ ಒಂದು ಮಾತು. ಮೆತ್ತಗಿನ ದಪ್ಪ ಸೀಟು ಅಂಗಡಿಯಲ್ಲಿ ಹತ್ತು ನಿಮಿಷ ಸುಖ ಕೊಡುತ್ತದೆ, ಎರಡು ಗಂಟೆ ಆದಮೇಲೆ ಉಜ್ಜಿ ಉರಿ ತರಿಸುತ್ತದೆ. ಬೇಕಾದ್ದು ಸರಿಯಾದ ಅಗಲ. ಒಂದು ದಪ್ಪ ರಟ್ಟಿನ ಪೆಟ್ಟಿಗೆ ಬಿಡಿಸಿ ಮೆಟ್ಟಿಲ ಮೇಲೆ ಹಾಕಿ, ಅದರ ಮೇಲೆ ಮೊಣಕಾಲು ಸ್ವಲ್ಪ ಎತ್ತಿ ಗಟ್ಟಿಯಾಗಿ ಕೂತು ಎದ್ದರೆ ಎರಡು ಕುಳಿ ಬೀಳುತ್ತವೆ. ಕುಂಡಿಯ ಎರಡು ಎಲುಬಿನ ಗುರುತು ಅದು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಆ ಅಳತೆಗಿಂತ ಒಂದೆರಡು ಸೆಂಟಿಮೀಟರ್ ಅಗಲದ ಸೀಟು ನೋಡಿ. ಸೀಟಿನ ಮೂತಿ ಕೆಳಗೆ ಮಾಡಬೇಡಿ, ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಸೀಟಿನ ಪೋಸ್ಟ್ 27.2 ಮಿಲಿಮೀಟರಿನ ಸಪೂರ ದುಂಡು ಕೊಳವೆಯಾಗಿದ್ದು, ಫ್ರೇಮಿನಿಂದ ಉದ್ದಕ್ಕೆ ಹೊರಗೆ ಬಂದಿದ್ದರೆ ಅದು ಹಿಂದಕ್ಕೆ ಸ್ವಲ್ಪ ಬಾಗಿ ಪೆಟ್ಟು ತಿನ್ನುತ್ತದೆ. ಕಾರ್ಬನ್ನಿಗೆ ದುಡ್ಡು ಹಾಕುವುದೇ ಆದರೆ ಮೊದಲು ಈ ಜಾಗದಲ್ಲಿ ಹಾಕಿ ಅಂತ ನಾನು ಹೇಳುತ್ತೇನೆ. ಅಲ್ಯೂಮಿನಿಯಂ ಸೈಕಲ್ಲಿಗೂ ಇಂಥ ಪೋಸ್ಟ್ ಹಾಕಬಹುದು.

ಭಾರದ ಬಗ್ಗೆ ಅವನು ಮತ್ತೆ ಮತ್ತೆ ಕೇಳಿದ. ಘಟ್ಟ ಹತ್ತೋಕೆ ಹಗುರ ಬೇಕಲ್ವಾ ಅಂತ. ಲೆಕ್ಕ ಹಾಕಿ ತೋರಿಸಿದೆ. ಅವನು 75 ಕಿಲೋ, ಸೈಕಲ್ 9, ನೀರು ಸಾಮಾನು 2, ಒಟ್ಟು 86. ಒಂದು ಕಿಲೋ ಇನ್ನೂರು ಗ್ರಾಂ ಹಗುರದ ಸೈಕಲ್ ತಗೊಂಡರೆ ಒಟ್ಟು ಭಾರದಲ್ಲಿ ಶೇಕಡಾ ಒಂದೂವರೆಯಷ್ಟೂ ಕಡಿಮೆ ಆಗುವುದಿಲ್ಲ. ಕತಗಾಲದ ಕಡೆಯಿಂದ ಘಟ್ಟ ಹತ್ತೋಕೆ ಅವನಿಗೆ ಐವತ್ತು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಉಳಿಯುವುದು ಒಂದು ನಿಮಿಷವೂ ಅಲ್ಲ. ಆ ಒಂದು ನಿಮಿಷಕ್ಕೆ ಐವತ್ತು ಸಾವಿರ ಕೊಡಬೇಕಾ?

ಅದರ ಬದಲು ಗೇರು ನೋಡು ಅಂದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಪಕ್ಕದಲ್ಲಿದೆ. ಅಷ್ಟನ್ನೂ ಹತ್ತಬೇಕು, ಅದೂ ಬೆಳಿಗ್ಗೆಯ ಅರವತ್ತು ಕಿಲೋಮೀಟರ್ ಕಾಲಲ್ಲಿ ಇರುವಾಗ. ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದಿನ ಸಣ್ಣದಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ಲಿನ ಚಕ್ರವೂ ಒಂದೇ ಸುತ್ತು. ನಿಮಿಷಕ್ಕೆ ಅರವತ್ತು ಸಲ ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಹತ್ತುತ್ತಾ ಇರಬಹುದು. ನನ್ನ ಹಳೆಯ ರೇಸ್ ಸೈಕಲ್ಲಿನಲ್ಲಿ ಅದು ಮುಂದೆ 39, ಹಿಂದೆ 25 ಇತ್ತು. ಅದೇ ಅರವತ್ತು ತುಳಿತಕ್ಕೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಹತ್ತಲೇಬೇಕು, ಇಲ್ಲದಿದ್ದರೆ ಎದ್ದು ನಿಂತು ಒತ್ತಬೇಕು. ಸೊಂಟ, ಮೊಣಕಾಲು ಹಿಡಿಯುವುದು ಹಾಗೆ ಒತ್ತಿ ಒತ್ತಿಯೇ. ಹಾಗಾಗಿ ಗೇರು ಕೂಡ ಸುಖದ ವಿಷಯವೇ. ಗೇರು, ಬ್ರೇಕು ಮಾಡುವ ಶಿಮಾನೋ ಕಂಪನಿಯಲ್ಲಿ ಕೆಳಗಿನಿಂದ ಮೇಲಕ್ಕೆ ಸೋರಾ, ಟಿಯಾಗ್ರಾ, 105 ಹೀಗೆ ಮೆಟ್ಟಿಲು ಇದೆ. 105 ಸಿಕ್ಕರೆ ಸಂತೋಷ. ಆದರೆ ಹಲ್ಲಿನ ಲೆಕ್ಕ ಸರಿ ಇದ್ದರೆ ಟಿಯಾಗ್ರಾದಲ್ಲೂ ಘಟ್ಟ ಅಷ್ಟೇ ಚೆನ್ನಾಗಿ ಹತ್ತಬಹುದು.

ಇಳಿಯುವುದಕ್ಕೆ ಡಿಸ್ಕ್ ಬ್ರೇಕ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಒಂದು ಕಾರಣ ಮಳೆ. ರಿಮ್ ಬ್ರೇಕಿನಲ್ಲಿ ಒದ್ದೆ ರಿಮ್ಮಿಗೆ ರಬ್ಬರ್ ಹಿಡಿಯೋಕೆ ಒಂದೆರಡು ಸುತ್ತು ಬೇಕು, ತಿರುವಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಇನ್ನೊಂದು ಕಾರಣ ಬಿಸಿ. ರಿಮ್ ಬ್ರೇಕ್ ಜೊತೆ ಕಾರ್ಬನ್ ರಿಮ್ ಇದ್ದರೆ ಉದ್ದದ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಹಿಡಿದಾಗ ಅಂಟು ಮೆತ್ತಗಾಗಿ ರಿಮ್ ಹಾಳಾಗಬಹುದು. ಸೆಕೆಂಡ್ ಹ್ಯಾಂಡಿನಲ್ಲಿ ಇಂಥ ಜೋಡಿ ಅಗ್ಗಕ್ಕೆ ಸಿಗುತ್ತದೆ, ಆಸೆ ಪಡಬೇಡಿ. ಡಿಸ್ಕಿನಲ್ಲಿ ಎಣ್ಣೆಯದ್ದು, ಕೇಬಲ್ಲಿನದ್ದು ಅಂತ ಎರಡು. ಎಣ್ಣೆಯದ್ದು ಎರಡು ಬೆರಳಲ್ಲಿ ನಿಲ್ಲಿಸುತ್ತದೆ, ಕೈಗೆ ಸುಸ್ತಿಲ್ಲ. ಆದರೆ ಗಾಳಿ ಹೊಕ್ಕರೆ ಅದನ್ನು ತೆಗೆಯೋಕೆ ಸಾಮಾನೂ ಬೇಕು, ಗೊತ್ತಿರುವವರೂ ಬೇಕು. ನಮಗೆ ಅದಕ್ಕೆ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ನೀವೇ ಕಲಿಯುವ ಮನಸ್ಸಿದ್ದರೆ ಎಣ್ಣೆಯದ್ದೇ ತಗೊಳ್ಳಿ, ಶಿಮಾನೋದ್ದಕ್ಕೆ ಮಿನರಲ್ ಎಣ್ಣೆಯನ್ನೇ ಹಾಕಿ, ಬೇರೆ ಯಾವುದನ್ನೂ ಹಾಕಬೇಡಿ. ಪ್ಯಾಡು ಎರಡು ಜೋಡಿ ಮನೆಯಲ್ಲಿರಲಿ. ಚಿರೆಕಲ್ಲಿನ ರಾಡಿಯಲ್ಲಿ ಅದು ಬೇಗ ಸವೆಯುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕಾರ್ಬನ್ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿಕೊಂಡು, ನಡುವೆ ಉಪ್ಪು ನೀರು ಸೇರಿದರೆ ಅದು ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿ ಆಗುತ್ತದೆ, ಆ ಪುಡಿ ಉಬ್ಬಿ ಎರಡನ್ನೂ ಒಂದಕ್ಕೊಂದು ಕಚ್ಚಿಸಿಬಿಡುತ್ತದೆ. ಕಾರವಾರದ ಒಬ್ಬ ಗೆಳೆಯನ ಸೈಕಲ್ಲಿನಲ್ಲಿ ಹೀಗೆ ಸೀಟಿನ ಪೋಸ್ಟ್ ಕಚ್ಚಿಕೊಂಡಿತ್ತು. ಮನೆ ಸಮುದ್ರದ ಹತ್ತಿರ, ಎರಡು ವರ್ಷ ಬಿಚ್ಚಿರಲಿಲ್ಲ. ನಾವಿಬ್ಬರೂ ಅರ್ಧ ದಿನ ಒದ್ದಾಡಿದೆವು. ತಿರುಚಿದರೆ ಫ್ರೇಮ್ ಸೀಳುವ ಭಯ, ಬಿಟ್ಟರೆ ಸೀಟು ಎತ್ತರಿಸೋಕೆ ಆಗುವುದಿಲ್ಲ. ಕೊನೆಗೆ ಪೋಸ್ಟನ್ನು ಗರಗಸದಿಂದ ಒಳಗೊಳಗೇ ಸೀಳಿ ತೆಗೆಯಬೇಕಾಯಿತು. ಪರಿಹಾರ ಬಹಳ ಸುಲಭ: ತಿಂಗಳಿಗೊಮ್ಮೆ ಪೋಸ್ಟ್ ಹೊರಗೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಕಾರ್ಬನ್ನಿಗೆಂದೇ ಸಿಗುವ ಮರಳು ಮರಳಾದ ಪೇಸ್ಟ್ ಹಚ್ಚಿ ವಾಪಸ್ ಹಾಕುವುದು. ಸಾದಾ ಗ್ರೀಸ್ ಹಚ್ಚಬೇಡಿ, ಜಾರುತ್ತದೆ. ಜಾರುತ್ತದೆ ಅಂತ ಬೋಲ್ಟ್ ಇನ್ನೂ ಬಿಗಿದರೆ ಕಾರ್ಬನ್ ನುಚ್ಚಾಗುತ್ತದೆ. ಎಷ್ಟು ಬಿಗಿಯಿತು ಅಂತ ತೋರಿಸುವ ಟಾರ್ಕ್ ಕೀ ಒಂದು ತಗೊಳ್ಳಿ, ಬೋಲ್ಟಿನ ಪಕ್ಕದಲ್ಲಿ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ ಐದೇ.

ಈಗ ದುಡ್ಡು. ಹೊಸ ಕಾರ್ಬನ್ ಎಂಡ್ಯೂರೆನ್ಸ್ ಸೈಕಲ್ ಒಂದೂವರೆ ಲಕ್ಷದೊಳಗೆ ಸಿಗುವುದು ಕಷ್ಟ. ಸಿಕ್ಕಿದರೂ ಒಳ್ಳೆಯ ಫ್ರೇಮಿಗೆ ಭಾರದ ಚಕ್ರ, ಕೆಳದರ್ಜೆಯ ಬ್ರೇಕು ಹಾಕಿ ಬೆಲೆ ಇಳಿಸಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ಒಂದು ಲಕ್ಷದ ಸೈಕಲ್ಲಿಗೆ ಏಳು ಸಾವಿರ ಉಳಿಯುತ್ತದೆ, ಎರಡು ಒಳ್ಳೆಯ ಟಯರಿನ ದುಡ್ಡು ಅದು. ಸೆಕೆಂಡ್ ಹ್ಯಾಂಡ್ ಮಾರುವವರು ಹಳೆಯ ಬಿಲ್ಲು ತೋರಿಸಿದರೆ ಇದನ್ನು ನೆನಪಿಟ್ಟು ಚೌಕಾಸಿ ಮಾಡಿ.

ಹಾಗಾಗಿ ಉಳಿಯುವುದು ಮೂರು ದಾರಿ. ಹೋದ ವರ್ಷದ್ದೋ ಅದರ ಹಿಂದಿನದ್ದೋ ಅಂಗಡಿಯಲ್ಲೇ ಉಳಿದ ಸೈಕಲ್ ಕಡಿಮೆಗೆ ಸಿಕ್ಕರೆ ಅದು. ಇಲ್ಲದಿದ್ದರೆ ಒಬ್ಬರೇ ಓಡಿಸಿದ, ಬಿಲ್ಲು ಇರುವ ಸೆಕೆಂಡ್ ಹ್ಯಾಂಡ್. ಅದೂ ಸಿಗದಿದ್ದರೆ ಕಾರ್ಬನ್ ಫೋರ್ಕ್ ಇರುವ ಒಳ್ಳೆಯ ಅಲ್ಯೂಮಿನಿಯಂ ಸೈಕಲ್, ಜೊತೆಗೆ ದಪ್ಪ ಟಯರು, ಕಾರ್ಬನ್ ಸೀಟ್ ಪೋಸ್ಟು. ಮೂರನೆಯದನ್ನು ಸೋಲು ಅಂತ ತಿಳಿಯಬೇಡಿ. ಜಾಗ ಇಲ್ಲದ ಹಳೆಯ ರೇಸ್ ಕಾರ್ಬನ್ನಿಗಿಂತ ಅದು ನೂರು ಪಾಲು ಮೇಲು, ಕಣ್ಣು ಮುಚ್ಚಿ ಹೇಳುತ್ತೇನೆ. ಯಾವ ದಾರಿಯಾದರೂ ಸರಿ, ಒಂದೂವರೆ ಲಕ್ಷವನ್ನೂ ಸೈಕಲ್ಲಿಗೇ ಸುರಿಯಬೇಡಿ. ಮೂವತ್ತು ಸಾವಿರ ಬೇರೆ ಎತ್ತಿಡಿ. ಕಾರ್ಬನ್ ಸೈಕಲ್ಲಿನ ಜೊತೆ ಪೆಡಲ್ ಕೂಡ ಕೊಡದಿರುವುದು ಸಾಮಾನ್ಯ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗುವಾಗ ಹಗಲಿನಲ್ಲೇ ಹೋಗಿ. ಸೈಕಲ್ ತೊಳೆದು ಇಡಲು ಹೇಳಿ, ಕೊಳೆಯ ಕೆಳಗೆ ಬಿರುಕು ಕಾಣುವುದಿಲ್ಲ. ಎರಡು ರೂಪಾಯಿ ನಾಣ್ಯ ತಗೊಂಡು ಹಲಸಿನಕಾಯಿ ತಟ್ಟಿ ನೋಡುವ ಹಾಗೆ ಕೊಳವೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತ ಕೇಳುತ್ತಿದ್ದ ಸದ್ದು ಒಂದು ಕಡೆ ಇದ್ದಕ್ಕಿದ್ದಂತೆ ಡಬ್ ಅಂದರೆ ಅಲ್ಲಿ ಒಳಗಿನ ಪದರ ಬಿಟ್ಟಿರಬಹುದು. ಕೀಲಿನ ಹತ್ತಿರ ಕೊಳವೆ ದಪ್ಪ ಇರುವುದರಿಂದ ಸದ್ದು ತಾನಾಗಿ ಬದಲಾಗುತ್ತದೆ, ಹಾಗಾಗಿ ಎಡ ಬಲ ಎರಡೂ ಬದಿ ತಟ್ಟಿ ಹೋಲಿಸಿ. ಪೆಡಲ್ ಅಚ್ಚಿನ ಸುತ್ತ, ಹ್ಯಾಂಡಲ್ ಕೊಳವೆಯ ಕೆಳಗೆ, ಸೀಟಿನ ಕ್ಲಾಂಪಿನ ಹತ್ತಿರ ಉಗುರು ಎಳೆದು ನೋಡಿ. ಬಣ್ಣದ ಗೀರಾದರೆ ಉಗುರು ಜಾರುತ್ತದೆ, ಬಿರುಕಾದರೆ ಸಿಕ್ಕಿಕೊಳ್ಳುತ್ತದೆ. ಸೀಟಿನ ಪೋಸ್ಟ್ ಬಿಚ್ಚಿ ತೋರಿಸಿ ಅಂತ ಕೇಳಿ. ಬಿಚ್ಚಲ್ಲ ಅಂದರೆ ಅಲ್ಲಿಂದ ಹೊರಡಿ. ಫೋರ್ಕಿನಲ್ಲಿ ಸಣ್ಣ ಬಿರುಕು ಕಂಡರೂ ಬೇಡವೇ ಬೇಡ. ಫ್ರೇಮ್ ರಿಪೇರಿ ಮಾಡುವವರಿದ್ದಾರೆ, ಆದರೆ ಫೋರ್ಕ್ ಮುರಿದರೆ ಮುಖವೇ ನೆಲಕ್ಕೆ ಬೀಳುವುದು. ಫ್ರೇಮಿನ ಜೀವಮಾನದ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ, ಎರಡನೆಯವರಿಗೆ ಬರುವುದಿಲ್ಲ. ಅದಕ್ಕೂ ಬೆಲೆ ಇಳಿಸಬೇಕು.

ತೆಗೆದುಕೊಂಡು ಬರುವಾಗಲೂ ಹುಷಾರು. ಅಡಿಕೆ ಚೀಲದ ಪಿಕಪ್ಪಿನಲ್ಲಿ ಮಲಗಿಸಿ, ಮೇಲಿನ ಕೊಳವೆಗೆ ಹಗ್ಗ ಬಿಗಿದು ಕಟ್ಟುವುದು ಕಬ್ಬಿಣದ ಸೈಕಲ್ಲಿಗೆ ನಡೆಯುತ್ತದೆ. ಕಾರ್ಬನ್ ಕೊಳವೆ ಅಡ್ಡಕ್ಕೆ ಹಿಸುಕಿದರೆ ಒಳಗೇ ಒಡೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಚಕ್ರ ಬಿಚ್ಚಿ ಕಂಬಳಿ ಸುತ್ತಿ ಕಾರಿನ ಹಿಂದೆ ಇಟ್ಟುಕೊಂಡು ಬನ್ನಿ.

ಅತ್ತೆ ಮಗ ಕೊನೆಗೆ ಹುಬ್ಬಳ್ಳಿಯಲ್ಲಿ ಮೂರು ವರ್ಷ ಹಳೆಯ ಎಂಡ್ಯೂರೆನ್ಸ್ ಕಾರ್ಬನ್ ಒಂದನ್ನು ಹಿಡಿದ. ಎಣ್ಣೆ ಡಿಸ್ಕ್, 105 ಗೇರು, ಹಿಂದೆ 34 ಹಲ್ಲು, ಒಂದು ಲಕ್ಷ ಹನ್ನೆರಡು ಸಾವಿರ. ಉಳಿದದ್ದರಲ್ಲಿ 32ರ ಟಯರು, ಅಳತೆಯ ಸೀಟು, ದಪ್ಪ ಟೇಪು, ಪೆಡಲು, ಟಾರ್ಕ್ ಕೀ, ಮಡ್‌ಗಾರ್ಡ್. ಹೋದ ವಾರ ಕುಮಟಾಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಮನೆ ಮುಟ್ಟಿದನಂತೆ. ಸೊಂಟ ಸುಮ್ಮನಿತ್ತು. ಬಲಗೈ ಕಿರುಬೆರಳು ಮಾತ್ರ ಕೊನೆಯ ಹತ್ತು ಕಿಲೋಮೀಟರ್ ಸ್ವಲ್ಪ ಜೋಮು ಅನಿಸಿತು ಅಂದ. ಮುಂದಿನ ಟಯರಿನಲ್ಲಿ 58 ಪಿಎಸ್ಐ ಇದೆಯಂತೆ. 54ಕ್ಕೆ ಇಳಿಸು, ಹ್ಯಾಂಡಲ್ ಕೆಳಗೆ ಇನ್ನೊಂದು ತೆಳು ರಿಂಗು ಹಾಕೋಕೆ ಮಿತಿಯೊಳಗೆ ಜಾಗ ಇದೆಯಾ ನೋಡು ಅಂದಿದ್ದೇನೆ. ಭಾನುವಾರ ಟೇಪು, ಎಲ್ ಕೀ ಹಿಡಿದುಕೊಂಡು ಅವರ ಜಗಲಿಗೆ ಹೋಗುತ್ತಿದ್ದೇನೆ.